ಮಣೆಯ ಮೇಲೊಂದು ಕಾಫಿ ತೋಟ

ಚೌಕಾಬಾರದ ಮಣೆ ಎಲ್ಲರಿಗೂ ಗೊತ್ತಿರುವುದೇ. ಐದೈದರ ಐದು ಸಾಲು, ಇಪ್ಪತ್ತೈದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಂಡರೂ ಆಟ ನಡೆಯುತ್ತದೆ. ಕವಡೆ ಇಲ್ಲದಿದ್ದರೆ ಒಂದು ಬದಿ ತೇಯ್ದು ಬಿಳಿ ಮಾಡಿದ ಹುಣಸೆ ಬೀಜ ಸಾಕು. ಇದನ್ನು ಕಟ್ಟಿದವರ ಹೆಸರು ಎಲ್ಲೂ ಇಲ್ಲ. ಆದರೆ ಅವರ ಜಾಣ್ಮೆ ಒಂದೇ ಒಂದು ನಿಯಮದಲ್ಲಿ ಎದ್ದು ಕಾಣುತ್ತದೆ. ಎಸೆದ ಕವಡೆಗಳಲ್ಲಿ ಎಷ್ಟು ಅಂಗಾತ ಬೀಳುತ್ತವೋ ಅಷ್ಟು ಮನೆ ಕಾಯಿ ನಡೆಸಬೇಕು. ಹಾಗಾದರೆ ನಾಲ್ಕೂ ಬೋರಲು ಬಿದ್ದರೆ? ಲೆಕ್ಕದ ಪ್ರಕಾರ ಸೊನ್ನೆ. ಕೈಗೆ ಬಂದ ಆಟ ದಂಡ. ಆ ಸೊನ್ನೆಗೇ ‘ಬಾರ’ ಎಂದು ಹೆಸರಿಟ್ಟು ಎಂಟು ಮನೆ ಕೊಟ್ಟರು, ಜೊತೆಗೆ ಇನ್ನೊಂದು ಎಸೆತವನ್ನೂ ಕೊಟ್ಟರು.

ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ನಾಲ್ಕು ಕವಡೆ ಬೀಳಬಹುದಾದ ಬಗೆ ಒಟ್ಟು 16. ಅದರಲ್ಲಿ ಒಂದು ಬೀಳುವ ಬಗೆ 4, ಎರಡು ಬೀಳುವ ಬಗೆ 6, ಮೂರು ಬೀಳುವ ಬಗೆ 4. ನಾಲ್ಕೂ ಅಂಗಾತ ಬೀಳುವ ‘ಚೌಕ’ಕ್ಕೆ ಒಂದೇ ದಾರಿ, ಬಾರಕ್ಕೂ ಒಂದೇ ದಾರಿ. ಬೋರಲಿಗೆ ಸೊನ್ನೆಯನ್ನೇ ಉಳಿಸಿದ್ದರೆ ಒಂದು ಎಸೆತಕ್ಕೆ ಸರಾಸರಿ ಎರಡು ಮನೆ ಸಿಗುತ್ತಿತ್ತು. ಎಂಟು ಕೊಟ್ಟಿದ್ದರಿಂದ ಅದು ಎರಡೂವರೆ ಆಯಿತು. ಏರಿದ್ದು ಅರ್ಧ ಮನೆ ಮಾತ್ರ. ಆದರೆ ಆಟದ ಜೀವವೇ ಬದಲಾಯಿತು. ಎಲ್ಲಕ್ಕಿಂತ ಕೆಟ್ಟ ಎಸೆತ ಎಲ್ಲಕ್ಕಿಂತ ಒಳ್ಳೆಯ ಎಸೆತವಾಯಿತು. ಸೋಲುತ್ತಿರುವವನೂ ಕವಡೆಯನ್ನು ಅಂಗೈಯಲ್ಲಿ ಕುಲುಕುತ್ತಾ ‘ಬಾರ, ಬಾರ’ ಎಂದು ಕೂಗುವುದು ಈ ಒಂದು ನಿಯಮದಿಂದ. ನಿಜವಾದ ಕವಡೆ ನಾಣ್ಯದಷ್ಟು ಸಮನಾಗಿ ಬೀಳುವುದಿಲ್ಲ, ನಿಜ. ಹಾಗಾಗಿಯೇ ಪ್ರತಿ ಮನೆಯ ಕವಡೆಗೂ ಅದರದೇ ಗುಣ.

ಬೋರ್ಡ್ ಗೇಮ್ ಕಟ್ಟುವ ಕಸುಬು ಎಂದರೆ ಇದು. ಬೇರೆಯವರು ಕೂತು ಯೋಚಿಸಬೇಕಾದ, ಆಸೆ ಪಡಬೇಕಾದ, ಹಲ್ಲು ಕಚ್ಚಬೇಕಾದ ಸಂದರ್ಭವನ್ನು ನಾಲ್ಕು ನಿಯಮಗಳಲ್ಲಿ ಮೊದಲೇ ಬರೆದಿಡುವುದು. ಇಂದು ಜಗತ್ತಿನಾದ್ಯಂತ ಸಾವಿರಾರು ಜನ, ದೊಡ್ಡ ಕಂಪನಿಗಳ ಹಂಗಿಲ್ಲದೆ, ಮನೆಯಲ್ಲೇ ಕೂತು ಇಂಥ ಆಟಗಳನ್ನು ಕಟ್ಟುತ್ತಿದ್ದಾರೆ. ಆಟಗಾರರಿಂದಲೇ ಮುಂಗಡ ಹಣ ಪಡೆದು, ಅಂದರೆ ಕ್ರೌಡ್‌ಫಂಡಿಂಗ್ ಮೂಲಕ, ಅಚ್ಚು ಹಾಕಿಸುತ್ತಿದ್ದಾರೆ. ಕೊಡಗಿನಲ್ಲಿ ಕೂತು ಇದನ್ನು ನೋಡುವಾಗ ನನಗೆ ಮತ್ತೆ ಮತ್ತೆ ಅನಿಸುವುದು ಒಂದೇ: ಆಟಕ್ಕೆ ಇಳಿಸಬಹುದಾದ ಎಷ್ಟೊಂದು ಸಂಗತಿ ನಮ್ಮ ತೋಟಗಳಲ್ಲಿ ಇದೆ!

ಈ ಕಸುಬು ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಆಟಗಳಿಗೇ ಒಂದು ಭಾಗವಿದೆ, ಚದುರಂಗ, ಪಗಡೆ, ಕವಡೆಯಾಟಗಳ ವಿವರ ಅಲ್ಲಿ ಸಿಗುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (1794–1868) ನಮ್ಮ ಕಾಲದ ಅರ್ಥದಲ್ಲೇ ಆಟದ ವಿನ್ಯಾಸಕರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತನೇ ನಿಧಿಗೆ ‘ಕೌತುಕನಿಧಿ’ ಎಂದು ಹೆಸರು. ಅದು ಆಟಗಳಿಗೇ ಮೀಸಲು. ಚದುರಂಗದ ಕುದುರೆಯನ್ನು ಯಾವ ಮನೆಗೂ ಎರಡು ಸಲ ಕಾಲಿಡದಂತೆ 64 ಮನೆಗಳಲ್ಲೂ ಓಡಿಸುವ ಬಂಧಗಳನ್ನು ಅವರು ರಚಿಸಿದರು. ಇಸ್ಪೀಟಿನಂಥ ‘ಛದ’ ಆಟಗಳನ್ನು ಹೊಸದಾಗಿ ಹುಟ್ಟುಹಾಕಿದರು. ಅವುಗಳಲ್ಲಿ ಒಂದಕ್ಕೆ 360 ಎಲೆ. ಅಷ್ಟು ಎಲೆಗಳನ್ನು ಕೈಯಲ್ಲಿ ಬರೆದು ಬಣ್ಣ ಹಾಕುವ ಚಿತ್ರಗಾರರು ಅರಮನೆಯಲ್ಲಿದ್ದರು. ಇಂದಿನ ವಿನ್ಯಾಸಕನನ್ನು ಮೊದಲು ಕಾಡುವ ಪ್ರಶ್ನೆಯಾದ ‘ಮುದ್ರಣಕ್ಕೆ ದುಡ್ಡು ಎಲ್ಲಿಂದ?’ ಎಂಬುದು ದೊರೆಗೆ ಇರಲಿಲ್ಲ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಮಣೆಗಳನ್ನು ಮತ್ತೆ ಮಾಡಿಸಿ ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳಲ್ಲಿ ಇಟ್ಟಿದ್ದರಿಂದ ಇವುಗಳಲ್ಲಿ ಹಲವು ಮತ್ತೆ ಕೈಗೆ ಸಿಗುವಂತಾಗಿವೆ. ಮರದ ಮೇಲೆ ಅರಗು, ಬಟ್ಟೆಯ ಮೇಲೆ ಕಸೂತಿ: ಒಂದೊಂದು ಮಣೆಯೂ ಮುಟ್ಟಿ ನೋಡಬೇಕು ಅನಿಸುವಂಥದು.

ಅರಮನೆಯ ಆಚೆಗೂ ಆಟಗಳಿದ್ದವು. ಹುಲಿಕಟ್ಟಿನ ಆಟವನ್ನೇ ನೋಡಿ. ಒಬ್ಬನ ಬಳಿ ಮೂರೇ ಹುಲಿ, ಇನ್ನೊಬ್ಬನ ಬಳಿ ಹದಿನೈದು ಆಡು. ಹುಲಿ ಹಾರಿ ಆಡನ್ನು ತಿನ್ನುತ್ತದೆ. ಆಡುಗಳು ಒಟ್ಟಾಗಿ ಹುಲಿಗೆ ದಾರಿಯೇ ಇಲ್ಲದಂತೆ ಕಟ್ಟಿಹಾಕುತ್ತವೆ. ಇಬ್ಬರ ಬಲವೂ ಬೇರೆ, ಇಬ್ಬರ ಗುರಿಯೂ ಬೇರೆ, ಆದರೂ ಪಂದ್ಯ ಸಮಬಲದ್ದು. ಇದನ್ನು ಸಾಧಿಸುವುದು ಇಂದಿಗೂ ಆಟ ಕಟ್ಟುವವರಿಗೆ ಅತಿ ಕಷ್ಟದ ಕೆಲಸ. ಆಡು ಹದಿನೈದೇ ಏಕೆ, ಹತ್ತು ಏಕಲ್ಲ ಎಂದು ಕೇಳಿದರೆ ಉತ್ತರ ಇಷ್ಟೇ: ತಲೆಮಾರುಗಳ ಕಾಲ ಆಡಿ ಆಡಿ ಆ ಸಂಖ್ಯೆಯಲ್ಲಿ ನಿಂತಿತು. ಹುಲಿ ಕೊಂದವನನ್ನು ಮದುಮಗನಂತೆ ಸಿಂಗರಿಸಿ ಕೂರಿಸಿ ‘ನರಿ ಮಂಗಲ’ (ಕೊಡವ ಮಾತಿನಲ್ಲಿ ನರಿ ಎಂದರೆ ಹುಲಿ) ಮಾಡುತ್ತಿದ್ದ ಕೊಡಗಿನಲ್ಲಿ ಈ ಆಟಕ್ಕೆ ಬೇರೆಯೇ ಕಳೆ ಬರುತ್ತದೆ.

ಕೊಡಗಿನ ಕಕ್ಕಡವೂ ಘಟ್ಟದ ಕೆಳಗಿನ ಆಟಿಯೂ ಒಂದೇ ತಿಂಗಳು, ಒಂದೇ ಮಳೆ. ಸುಳ್ಯ, ಪುತ್ತೂರಿನ ಕಡೆ ಆ ದಿನಗಳಲ್ಲಿ ಅಟ್ಟದಿಂದ ಚೆನ್ನೆಮಣೆ ಇಳಿಯುತ್ತದೆ. ಏಳೇಳರ ಎರಡು ಸಾಲು ಗುಳಿ, ಗುಳಿಗೆ ನಾಲ್ಕರಂತೆ 56 ಮಂಜೊಟ್ಟಿ ಬೀಜ. ಇಲ್ಲಿ ದಾಳವಿಲ್ಲ, ಕವಡೆಯಿಲ್ಲ. ಎಲ್ಲ ಬೀಜವೂ ಇಬ್ಬರ ಕಣ್ಣ ಮುಂದೆಯೇ ಇದೆ. ಅದೃಷ್ಟದ ಪಾಲು ಇಲ್ಲದ ಆಟದಲ್ಲಿ ಸೋತವನಿಗೆ ನೆಪ ಹೇಳಲು ಏನೂ ಸಿಗುವುದಿಲ್ಲ. ತುಳುವಿನ ಸಿರಿ ಪಾಡ್ದನದಲ್ಲಿ ಅಬ್ಬಗ–ದಾರಗ ಎಂಬ ಅವಳಿ ಅಕ್ಕತಂಗಿಯರು ಚೆನ್ನೆ ಆಡಲು ಕೂತು ಜಗಳವಾಗಿ, ಕೈಯಲ್ಲಿದ್ದ ಮಣೆಯೇ ಸಾವಿಗೆ ಕಾರಣವಾಗುವ ಕಥೆಯಿದೆ. ಆಟದ ವಿನ್ಯಾಸದ ಬಗ್ಗೆ ಇದಕ್ಕಿಂತ ಗಂಭೀರವಾದ ಎಚ್ಚರಿಕೆಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಷ್ಟು ಅದೃಷ್ಟ, ಎಷ್ಟು ಲೆಕ್ಕಾಚಾರ ಎಂಬ ಪ್ರಮಾಣವನ್ನು ನಿರ್ಧರಿಸುವಾಗ, ಸೋತವನು ಯಾವ ಮುಖ ಹೊತ್ತು ಏಳುತ್ತಾನೆ ಎಂಬುದನ್ನೂ ವಿನ್ಯಾಸಕ ಯೋಚಿಸಬೇಕಾಗುತ್ತದೆ.

ಇನ್ನು ಈ ಕಾಲದ ಆಟಗಳಿಗೆ ಬರೋಣ. ಅಮೆರಿಕದಲ್ಲಿ 2009ರಲ್ಲಿ ಕಿಕ್‌ಸ್ಟಾರ್ಟರ್ ಎಂಬ ಕ್ರೌಡ್‌ಫಂಡಿಂಗ್ ತಾಣ ಶುರುವಾದ ಮೇಲೆ ಸ್ವತಂತ್ರ ವಿನ್ಯಾಸಕರಿಗೆ ಬಾಗಿಲು ತೆರೆಯಿತು. ಆಟದ ಮಾದರಿ ತೋರಿಸಿ, ಇಷ್ಟು ಹಣ ಬೇಕೆಂದು ಗುರಿ ಹೇಳಿ, ಗಡುವು ಇಡುತ್ತಾರೆ. ಗಡುವಿನೊಳಗೆ ಗುರಿ ತುಂಬಿದರೆ ಮಾತ್ರ ಹಣ ವಿನ್ಯಾಸಕನಿಗೆ. ತುಂಬದಿದ್ದರೆ ಯಾರ ಖಾತೆಯಿಂದಲೂ ಒಂದು ಪೈಸೆ ಹೋಗುವುದಿಲ್ಲ. ಇದು ನಮಗೆ ಅಪರಿಚಿತ ವ್ಯವಸ್ಥೆ ಏನೂ ಅಲ್ಲ. ಜಿ.ಬಿ. ಜೋಶಿಯವರು 1933ರಲ್ಲಿ ಧಾರವಾಡದಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆ ಚಂದಾದಾರರ ನಂಬಿಕೆಯ ಮೇಲೆ ನಿಂತಿತ್ತು. ಪವನ್ ಕುಮಾರ್ ‘ಲೂಸಿಯಾ’ (2013) ಸಿನಿಮಾ ಮಾಡಿದ್ದು ಪ್ರೇಕ್ಷಕರೇ ಮುಂಚಿತವಾಗಿ ಹಾಕಿದ ಹಣದಲ್ಲಿ. ವಸ್ತು ಇನ್ನೂ ಇಲ್ಲ, ಮಾಡುವವರ ಮೇಲಿನ ವಿಶ್ವಾಸ ಮಾತ್ರ ಇದೆ. ಅಂಥ ಕಡೆ ದುಡ್ಡು ಹಾಕಿದ ಕನ್ನಡಿಗರು ಎಲ್ಲ ಕಾಲದಲ್ಲೂ ಇದ್ದರು.

ನಮ್ಮ ದೇಶದಿಂದ ಹೊರಟ ಆಟಗಳಲ್ಲಿ ‘ಶಾಸನ್’ ಹೆಸರು ಮಾಡಿತು. ಮುಂಬೈಯ ಮೀಮಸಿಸ್ ಕಲ್ಚರ್ ಲ್ಯಾಬ್‌ನ ಝೈನ್ ಮೆಮನ್ ವಿನ್ಯಾಸ ಮಾಡಿದ ಈ ಆಟಕ್ಕೆ 2019ರಲ್ಲಿ ಕಿಕ್‌ಸ್ಟಾರ್ಟರ್ ಮೂಲಕ ಹಣ ಸೇರಿತು. ಇಲ್ಲಿ ಆಡುವವರೆಲ್ಲ ರಾಜಕಾರಣಿಗಳು. ನಿಮ್ಮ ಸರದಿ ಬಂದಾಗ ಪಕ್ಕದವನು ಒಂದು ಚೀಟಿ ಓದಿ ಪ್ರಶ್ನೆ ಕೇಳುತ್ತಾನೆ: ಇಂಥ ಕಾನೂನು ತರಬೇಕೇ, ಬೇಡವೇ? ನಿಮ್ಮ ಉತ್ತರದಿಂದ ನಿಮಗೆ ದುಡ್ಡೋ ಜನರ ನಂಬಿಕೆಯೋ ಮಾಧ್ಯಮದ ಬಲವೋ ಸಿಗುತ್ತದೆ. ಅದರಿಂದಲೇ ಮತದಾರರನ್ನು ಗಳಿಸಬೇಕು. ಮನಸ್ಸಿನಲ್ಲಿ ಒಪ್ಪದ ಉತ್ತರವನ್ನು ಲಾಭಕ್ಕಾಗಿ ಹೇಳುವ ಕ್ಷಣ ಪ್ರತಿಯೊಬ್ಬ ಆಟಗಾರನಿಗೂ ಬರುತ್ತದೆ. ಭಾಷಣದಲ್ಲಿ ಒಂದು ಗಂಟೆ ಹೇಳಬೇಕಾದ್ದನ್ನು ಒಂದು ನಿಯಮ ಮಾಡಿಸಿ ತೋರಿಸುತ್ತದೆ. ಭಾರತದ ವಿಳಾಸ ಮತ್ತು ಬ್ಯಾಂಕ್ ಖಾತೆ ಮಾತ್ರ ಇದ್ದವರಿಗೆ ಕಿಕ್‌ಸ್ಟಾರ್ಟರ್‌ನಲ್ಲಿ ಯೋಜನೆ ಶುರುಮಾಡಲು ಬರುವುದಿಲ್ಲ, ಅದಕ್ಕೆ ಆ ತಾಣ ಒಪ್ಪಿದ ದೇಶವೊಂದರಲ್ಲಿ ಸಂಸ್ಥೆಯೋ ಪಾಲುದಾರರೋ ಬೇಕು. ಈ ಮಾತು ಹೊಸಬರಿಗೆ ಮೊದಲೇ ಗೊತ್ತಿರಲಿ.

ನನಗೆ ಹೆಚ್ಚು ಹತ್ತಿರವಾದದ್ದು ಮಾತ್ರ ಇನ್ನೊಂದು ಆಟ: ‘ವಿಟಿಕಲ್ಚರ್’. ಅಮೆರಿಕದ ಜೇಮಿ ಸ್ಟೆಗ್‌ಮಯರ್ ಮತ್ತು ಅಲನ್ ಸ್ಟೋನ್ 2012ರಲ್ಲಿ ಸುಮಾರು 66 ಸಾವಿರ ಡಾಲರ್ ಕೂಡಿಸಿ ಹೊರತಂದದ್ದು. ಇಟಲಿಯ ಟಸ್ಕನಿಯಲ್ಲಿ ನಿಮಗೊಂದು ದ್ರಾಕ್ಷಿ ತೋಟ ಬಂದಿದೆ. ಕೈಯಲ್ಲಿ ಬೆರಳೆಣಿಕೆಯ ಆಳು. ಬೇಸಿಗೆಯಲ್ಲಿ ನಾಟಿ, ಚಳಿಗಾಲದಲ್ಲಿ ಕೊಯ್ಲು. ಬೇಸಿಗೆಗೆ ಕಳಿಸಿದ ಆಳು ಚಳಿಗಾಲಕ್ಕೆ ಸಿಗುವುದಿಲ್ಲ. ಇನ್ನೊಂದು ಸೊಗಸಾದ ನಿಯಮವಿದೆ: ವರ್ಷದ ಆರಂಭದಲ್ಲಿ ಯಾರು ಎಷ್ಟು ಹೊತ್ತಿಗೆ ಏಳುತ್ತೀರಿ ಎಂದು ನೀವೇ ಆರಿಸಬೇಕು. ಬೇಗ ಎದ್ದವನಿಗೆ ಕೆಲಸದ ಆಯ್ಕೆ ಮೊದಲು. ತಡವಾಗಿ ಎದ್ದವನಿಗೆ ಉಡುಗೊರೆ ದೊಡ್ಡದು. ತೋಟದವರ ಬದುಕನ್ನು ಬಲ್ಲವರು ಯಾರೇ ಆಡಲಿ, ಆಳು ಸಾಲದ ಸಂಕಟ ಅವರಿಗೆ ತಟ್ಟನೆ ಅರ್ಥವಾಗುತ್ತದೆ. ಕಾಫಿಯ ಮೇಲೂ ಒಳ್ಳೆಯ ಆಟಗಳು ಬಂದಿವೆ. ಜಪಾನಿನ ಸಾಶಿ ಎಂಬ ವಿನ್ಯಾಸಕರ ‘ಕಾಫಿ ರೋಸ್ಟರ್’ (2015) ಒಬ್ಬರೇ ಕೂತು ಕಾಫಿ ಬೀಜ ಹುರಿಯುವ ಆಟ. ಆದರೆ ಹುರಿಯುವುದಕ್ಕೆ ಮೊದಲು, ಗಿಡದ ಮೇಲೆ ಮೊಗ್ಗು ಕಾಯುತ್ತಾ ಕೂರುವ ಆ ಫೆಬ್ರವರಿ–ಮಾರ್ಚ್ ತಿಂಗಳು? ಅದರ ಉಸಿರುಗಟ್ಟುವ ಲೆಕ್ಕಾಚಾರವನ್ನು ಕೊಡಗಿನವರೇ ಆಟ ಮಾಡಬೇಕು.

ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ಒಂದಿಷ್ಟು ಬಿಡಿಸಿ ತೋರಿಸುತ್ತೇನೆ.

ಮೊದಲು ಹುಡುಕಬೇಕಾದದ್ದು ಒಂದು ನಿರ್ಧಾರ. ‘ಕಾಫಿ ತೋಟದ ಆಟ’ ಎಂದರೆ ಅದು ಬರೀ ವಸ್ತು, ಆಟವಾಗುವುದಿಲ್ಲ. ರೊಬಸ್ಟಾ ಗಿಡದಲ್ಲಿ ಮೊಗ್ಗು ಕಟ್ಟಿದೆ. ಒಂದಿಂಚಿನಷ್ಟು ಹೂಮಳೆ ಬಿದ್ದರೆ ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬಿಳಿ. ಬರೀ ಹನಿದು ಹೋದರೆ ಮೊಗ್ಗು ಅರೆಬರೆ ಎದ್ದು ಕೆಡುತ್ತದೆ. ಕೆರೆಯಲ್ಲಿ ನೀರಿದೆ, ಸ್ಪ್ರಿಂಕ್ಲರ್ ಇದೆ. ಇವತ್ತು ಪಂಪು ಹಾಕಿ ನಾಳೆ ಮಳೆ ಬಂದರೆ ಡೀಸೆಲ್ಲೂ ನೀರೂ ದಂಡ. ಕಾಯುತ್ತಾ ಕೂತು ಮಳೆ ಬಾರದಿದ್ದರೆ ವರ್ಷದ ಫಸಲೇ ಹೋಯಿತು. ಪಂಪು ಹಾಕುವುದೇ, ಕಾಯುವುದೇ? ಆಟದ ಬೀಜ ಇಲ್ಲಿದೆ. ಇದನ್ನು ಬಿಟ್ಟು ಮಿಕ್ಕ ಎಲ್ಲವೂ ಎಲೆ, ರೆಂಬೆ.

ಎರಡನೆಯದು, ಮಳೆಯನ್ನು ತರುವುದು ಹೇಗೆ? ದಾಳ ಉರುಳಿಸಬಹುದು. ಆದರೆ ದಾಳಕ್ಕೆ ನೆನಪಿಲ್ಲ. ಹೋದ ವಾರ ಏನು ಬಿತ್ತು ಎಂಬುದು ಈ ವಾರಕ್ಕೆ ಸಂಬಂಧವಿಲ್ಲ. ಚೀಟಿಗಳ ಕಟ್ಟಿಗೆ ನೆನಪಿದೆ. ಒಳ್ಳೆಯ ಮಳೆಯ ಚೀಟಿ ಒಂದು ಹೊರಗೆ ಬಂದರೆ ಒಳಗೆ ಒಂದು ಕಡಿಮೆಯಾಯಿತು ಎಂದು ಆಟಗಾರ ಎಣಿಸಬಲ್ಲ. ಹನ್ನೆರಡು ಚೀಟಿ ಮಾಡೋಣ: ನಾಲ್ಕರಲ್ಲಿ ಒಂದಿಂಚು ಅಥವಾ ಅದಕ್ಕಿಂತ ಹೆಚ್ಚಿನ ಮಳೆ, ಮೂರರಲ್ಲಿ ತುಂತುರು, ಐದರಲ್ಲಿ ಬಿಸಿಲು. ವಾರಕ್ಕೊಂದರಂತೆ ಮೂರು ಚೀಟಿ ತೆಗೆಯುತ್ತೇವೆ. ಮೂರರಲ್ಲೂ ಒಳ್ಳೆಯ ಮಳೆ ಬಾರದಿರುವ ಸಾಧ್ಯತೆ ಎಷ್ಟು? ಹನ್ನೆರಡರಲ್ಲಿ ಎಂಟು, ಹನ್ನೊಂದರಲ್ಲಿ ಏಳು, ಹತ್ತರಲ್ಲಿ ಆರು: ಗುಣಿಸಿದರೆ ನೂರಕ್ಕೆ ಸುಮಾರು 25. ಕಾಯುವವನು ನಾಲ್ಕು ವರ್ಷಕ್ಕೊಮ್ಮೆ ಸೋಲುತ್ತಾನೆ. ಈಗ ಒಳ್ಳೆಯ ಮಳೆಯ ಒಂದೇ ಒಂದು ಚೀಟಿ ತೆಗೆದು ಅದರ ಜಾಗಕ್ಕೆ ಬಿಸಿಲಿನದು ಹಾಕಿ. ಸೋಲು ನೂರಕ್ಕೆ 38ಕ್ಕೆ ಏರುತ್ತದೆ. ಒಂದೇ ಚೀಟಿ! ಅಷ್ಟಕ್ಕೇ ಧೈರ್ಯವಂತನ ಆಟ ಹುಂಬನ ಆಟವಾಗಿಬಿಡುತ್ತದೆ. ಅಡುಗೆಗೆ ಉಪ್ಪು ಹಾಕುವ ಕೈಯಲ್ಲಿ ಇರುವ ಹದ ಈ ಎಣಿಕೆಯಲ್ಲಿ ಬೇಕು.

ಚೀಟಿಯ ಮೇಲೆ ಬರೆಯುವ ಅಂಕಿಗಳನ್ನು ಕಲ್ಪಿಸಿಕೊಳ್ಳಬೇಕಾಗಿಯೂ ಇಲ್ಲ. ಕೊಡಗಿನ ಎಷ್ಟೋ ತೋಟಗಳಲ್ಲಿ ಮಳೆ ಅಳೆಯುವ ಮಾಪಕವಿದೆ, ದಿನದಿನದ ಮಳೆಯನ್ನು ಇಂಚು, ಸೆಂಟು ಲೆಕ್ಕದಲ್ಲಿ ಬರೆದಿಟ್ಟ ಪುಸ್ತಕವಿದೆ. ಭಾಗಮಂಡಲದ ಕಡೆಯ ಮಳೆಗೂ ಕುಶಾಲನಗರದ ಕಡೆಯ ಮಳೆಗೂ ಅಜಗಜಾಂತರ. ಹಾಗಾಗಿ ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಹೋಬಳಿಯ ಚೀಟಿಕಟ್ಟು ಕೊಡಬಹುದು. ತಾತ ಬರೆದಿಟ್ಟ ಮಳೆಯ ಲೆಕ್ಕವನ್ನು ಮೊಮ್ಮಕ್ಕಳು ಕೈಯಲ್ಲಿ ಹಿಡಿದು ಆಡುವುದು ನನಗೆ ಬಹಳ ಇಷ್ಟವಾಗುವ ವಿಚಾರ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಇಷ್ಟು ಮಾಡಿ ನಾಲ್ಕು ಜನರನ್ನು ಕೂರಿಸಿದರೆ ಒಂದು ದೋಷ ಹೊರಬೀಳುವುದು ಬಹುತೇಕ ಖಚಿತ: ಎಲ್ಲರೂ ಮೊದಲ ವಾರವೇ ಪಂಪು ಹಾಕುತ್ತಾರೆ. ನೀರಿದೆ, ಹಾಕಿದರಾಯಿತು. ನಿರ್ಧಾರ ಸತ್ತುಹೋಯಿತು. ಅದನ್ನು ಎಬ್ಬಿಸಲು ಹೊಸ ನಿಯಮ ಹೊಸೆಯಬೇಕಿಲ್ಲ. ತೋಟಕ್ಕೆ ಮರಳಿದರೆ ಉತ್ತರ ಅಲ್ಲೇ ಇದೆ. ಹೂ ಬಿಟ್ಟ ಎರಡು ಮೂರು ವಾರಕ್ಕೆ ಬ್ಯಾಕಿಂಗ್ ಮಳೆ ಬೇಕು, ಇಲ್ಲದಿದ್ದರೆ ಮಿಡಿ ನಿಲ್ಲುವುದಿಲ್ಲ. ಕೆರೆಯ ನೀರನ್ನು ಒಂದೂವರೆ ಸಲಕ್ಕೆ ಆಗುವಷ್ಟೇ ಇಡಿ. ಈಗ ಹೂವಿಗೆ ಸುರಿದವನಿಗೆ ಬ್ಯಾಕಿಂಗ್‌ಗೆ ಸಾಲದು. ಸತ್ತ ನಿರ್ಧಾರಕ್ಕೆ ಜೀವ ಬಂತು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಕ್ಕಪಕ್ಕದ ಇಬ್ಬರು ಆಟಗಾರರು ಒಂದೇ ತೋಡಿನಿಂದ ನೀರೆತ್ತುವಂತೆ ಮಾಡಿ. ಆಮೇಲೆ ನೋಡಿ, ಮೇಜಿನ ಸುತ್ತ ಮಾತುಕತೆ, ಒಪ್ಪಂದ, ಮುನಿಸು ಎಲ್ಲ ತಾನಾಗಿ ಶುರುವಾಗುತ್ತದೆ.

ಕೊಯ್ಲು, ಮಾರಾಟದ ಭಾಗವನ್ನು ಇಷ್ಟು ವಿವರಿಸಬೇಕಿಲ್ಲ. ಹಣ್ಣನ್ನು ಹಾಗೆಯೇ ಕಣದಲ್ಲಿ ಒಣಗಿಸಿ ಚೆರ್ರಿ ಮಾಡುವುದೋ, ಪಲ್ಪರ್‌ಗೆ ಹಾಕಿ ತೊಳೆದು ಪಾರ್ಚ್‌ಮೆಂಟ್ ಮಾಡುವುದೋ ಎಂಬ ಆಯ್ಕೆ ಇದ್ದೇ ಇದೆ. ಒಂದಕ್ಕೆ ಖರ್ಚು ಕಡಿಮೆ, ಇನ್ನೊಂದಕ್ಕೆ ಬೆಲೆ ಹೆಚ್ಚು. ನೆರಳಿನ ಮರಕ್ಕೆ ಹಬ್ಬಿಸಿದ ಕರಿಮೆಣಸು ಕೆಟ್ಟ ವರ್ಷಕ್ಕೆ ಆಸರೆ.

ಆನೆಯ ಬಗ್ಗೆ ಮಾತ್ರ ಎರಡು ಮಾತು. ಹೊಸಬರು ಆಟ ಕಟ್ಟುವಾಗ ‘ಆನೆ ಬಂತು, ನಿನ್ನ ತೋಟ ಹಾಳು’ ಎಂಬ ಚೀಟಿ ಇಡುವುದುಂಟು. ಅದು ಆಟಕ್ಕೂ ಅನ್ಯಾಯ, ಆನೆಗೂ ಅನ್ಯಾಯ. ಕಾರಣವಿಲ್ಲದೆ ಬಿದ್ದ ಪೆಟ್ಟಿನಿಂದ ಆಟಗಾರ ಏನನ್ನೂ ಕಲಿಯುವುದಿಲ್ಲ. ಆನೆ ಬರುವುದು ಹಲಸು ಹಣ್ಣಾದ ಕಡೆಗೆ, ನೀರಿರುವ ಕಡೆಗೆ. ಹಲಸನ್ನು ಎಳೆಯದರಲ್ಲೇ ಇಳಿಸಿದರೆ ಆಳಿನ ಖರ್ಚು, ಬಿಟ್ಟರೆ ಆನೆ ನಿಮ್ಮಲ್ಲಿಗೆ ಬರುವ ಸಂಭವ ಹೆಚ್ಚು. ಹೀಗೆ ಬರೆದರೆ ಕಷ್ಟವೂ ಆಟಗಾರನ ಆಯ್ಕೆಯಿಂದಲೇ ಹುಟ್ಟುತ್ತದೆ, ಆನೆಯೂ ಖಳನಾಗುವುದಿಲ್ಲ.

ಕಚ್ಚಾ ಮಾದರಿ ಮಾಡಲು ಖರ್ಚು ಏನೂ ಇಲ್ಲ. ಮದುವೆ ಕಾಗದದ ಹಿಂಬದಿ, ಶರಟಿನ ಗುಂಡಿ, ಮಾದರಿಗೆ ತಕ್ಕಷ್ಟು ಕಾಫಿ ಬೀಜ, ಪೆನ್ಸಿಲ್ಲು. ಪೆನ್ಸಿಲ್ಲೇ ಬೇಕು, ಏಕೆಂದರೆ ಅಂಕಿಗಳನ್ನು ಆಟದ ನಡುವೆಯೇ ತಿದ್ದಬೇಕಾಗುತ್ತದೆ. ಈ ಹಂತದಲ್ಲಿ ಚೆಂದದ ಚಿತ್ರ ಬರೆಸಿದರೆ ನಷ್ಟ. ಚೆಂದ ಕಾಣುವ ಚೀಟಿಯನ್ನು ಹರಿದು ಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ, ಕೆಟ್ಟ ನಿಯಮ ಹಾಗೇ ಉಳಿದುಬಿಡುತ್ತದೆ. ಆಮೇಲೆ ಆಡಿಸಿ ನೋಡುವ ದೀರ್ಘ ಕಾಲ. ಮೊದಲು ಮನೆಯವರು, ನಂತರ ಗೆಳೆಯರು, ಕೊನೆಗೆ ಮುಖಪರಿಚಯವೂ ಇಲ್ಲದವರು. ಕೊನೆಯ ಪರೀಕ್ಷೆ ಕಠಿಣ: ಡಬ್ಬಿಯನ್ನೂ ನಿಯಮದ ಪುಸ್ತಕವನ್ನೂ ಅವರ ಕೈಗೆ ಕೊಟ್ಟು, ವಿನ್ಯಾಸಕ ದೂರ ಕೂತು ತುಟಿ ಬಿಚ್ಚದೆ ನೋಡಬೇಕು. ಅವರು ಎಲ್ಲಿ ಪುಸ್ತಕ ತಿರುವಿದರು, ಎಲ್ಲಿ ಫೋನ್ ತೆಗೆದರು, ಯಾವ ನಿಯಮವನ್ನು ತಪ್ಪಾಗಿ ಆಡಿದರೂ ಖುಷಿಯಾಗಿದ್ದರು, ಎಲ್ಲವೂ ಬರೆದುಕೊಳ್ಳುವಂಥದೇ. ತಪ್ಪಾಗಿ ಆಡಿದ ನಿಯಮ ಮೂಲಕ್ಕಿಂತ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳುವ ದೊಡ್ಡ ಮನಸ್ಸೂ ಬೇಕು.

ನಿಯಮ ಬರೆಯುವುದು ಪ್ರತ್ಯೇಕ ವಿದ್ಯೆ. ‘ಮಳೆ ಬಂದರೆ ಹೂ ಅರಳುತ್ತದೆ’ ಎಂದು ಬರೆದರೆ ಓದುವವನಿಗೆ ಎಷ್ಟು ಮಳೆ, ಯಾರ ತೋಟದಲ್ಲಿ, ಯಾವಾಗ ಎಂಬ ಮೂರು ಪ್ರಶ್ನೆ ಉಳಿಯುತ್ತವೆ. ‘ವಾರದ ಚೀಟಿಯಲ್ಲಿ ಒಂದಿಂಚು ಅಥವಾ ಹೆಚ್ಚು ಮಳೆ ಇದ್ದರೆ, ಎಲ್ಲ ಆಟಗಾರರೂ ಕೂಡಲೇ ತಮ್ಮ ತೋಟದಲ್ಲಿ ಮೊಗ್ಗಿರುವ ಪ್ರತಿ ಮನೆಯ ಮೇಲೆ ಒಂದು ಬಿಳಿ ಕಾಯಿ ಇಡಬೇಕು’ ಎಂದು ಬರೆದರೆ ಜಗಳಕ್ಕೆ ಎಡೆಯಿಲ್ಲ. ಕನ್ನಡದಲ್ಲಿ ಇಂಥ ನಿಖರ ಗದ್ಯ ಬರೆಯುವ ಅಭ್ಯಾಸ ನಮಗೆ ಇನ್ನೂ ಸಾಲದು. ಇಂಗ್ಲಿಷಿನಲ್ಲಿ ಬರೆದು ಕೊನೆಗೆ ಕನ್ನಡಕ್ಕೆ ತರುವುದಕ್ಕಿಂತ ಮೊದಲೇ ಕನ್ನಡದಲ್ಲಿ ಬರೆದರೆ ಆಟದ ಮಾತುಗಳೂ ತೋಟದ ಮಾತುಗಳೂ ಸಹಜವಾಗಿ ಹೊಂದಿಕೊಳ್ಳುತ್ತವೆ: ಮನೆ, ಕಾಯಿ, ಕಟ್ಟೆ, ಕಡಿ, ಹಣ್ಣಾಗು. ಚೌಕಾಬಾರ ಆಡಿದವರ ಬಾಯಲ್ಲಿ ಇವು ತಲೆಮಾರುಗಳಿಂದ ಪಳಗಿದ ಪದಗಳು.

ಇನ್ನು ದುಡ್ಡಿನ ಮಾತು. 2011ರ ಜನಗಣತಿಯ ಪ್ರಕಾರ ಕೊಡಗಿನ ಜನಸಂಖ್ಯೆ ಐದೂವರೆ ಲಕ್ಷ. ಇಷ್ಟು ಸಣ್ಣ ನಾಡಿನ ಬಗ್ಗೆ ಆಟ ಮಾಡಿ ಅಂಗಡಿಗಳಲ್ಲಿ ಇಡಲು ಯಾವ ದೊಡ್ಡ ಕಂಪನಿಯೂ ಮುಂದೆ ಬರುವುದಿಲ್ಲ. ಆದರೆ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಹೊರದೇಶಗಳಲ್ಲಿ ಕೊಡಗಿನ ಮಕ್ಕಳಿದ್ದಾರೆ. ಕಾಫಿಯನ್ನು ಪ್ರೀತಿಸುವವರು ಎಲ್ಲೆಡೆ ಇದ್ದಾರೆ. ಚದುರಿ ಹೋಗಿರುವ ಐನೂರೋ ಸಾವಿರವೋ ಜನರನ್ನು ಒಂದೆಡೆ ಸೇರಿಸುವುದಕ್ಕೇ ಕ್ರೌಡ್‌ಫಂಡಿಂಗ್ ಇರುವುದು. ಉದಾಹರಣೆಗೆ, ಒಂದು ಡಬ್ಬಿ ತಯಾರಾಗಲು 600 ರೂಪಾಯಿ ಹಿಡಿದರೆ ಸಾವಿರ ಡಬ್ಬಿಗೆ 6 ಲಕ್ಷ. ಅದರ ಮೇಲೆ ಚಿತ್ರಗಾರರ ಸಂಭಾವನೆ, ತೆರಿಗೆ, ಅಂಚೆ ವೆಚ್ಚ. ಕಿಕ್‌ಸ್ಟಾರ್ಟರ್‌ನಂಥ ತಾಣ ತನ್ನ ಪಾಲಿಗೆ ನೂರಕ್ಕೆ 5 ಹಿಡಿದುಕೊಳ್ಳುತ್ತದೆ. ಹಣ ಪಾವತಿಯ ಶುಲ್ಕ ಬೇರೆ. ಚೀಟಿಗಳ ಮುದ್ರಣಕ್ಕೆ ಶಿವಕಾಶಿಯಿದೆ. ಮರದ ಕಾಯಿಗೆ ಚನ್ನಪಟ್ಟಣದ ಕಡೆಯವರಿದ್ದಾರೆ. ಹಾಲೆ ಮರವನ್ನು ಕಡೆದು, ಅದು ತಿರುಗುತ್ತಿರುವಾಗಲೇ ಅರಗು ಒತ್ತಿ ಬಣ್ಣ ಕೂರಿಸುವ ಅವರ ಕೈಯಿಂದ ಬಂದ ಹಸಿರು, ಕೆಂಪು ಕಾಫಿ ಹಣ್ಣಿನ ಕಾಯಿಗಳನ್ನು ಊಹಿಸಿಕೊಳ್ಳಿ. ಪ್ಲಾಸ್ಟಿಕ್ಕಿಗೆ ಆ ತೂಕ ಬರುವುದಿಲ್ಲ.

ಹಣ ತುಂಬಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳುವುದು ಅಪಾಯ. 2012ರಲ್ಲಿ ‘ದ ಡೂಮ್ ದಟ್ ಕೇಮ್ ಟು ಅಟ್ಲಾಂಟಿಕ್ ಸಿಟಿ’ ಎಂಬ ಆಟಕ್ಕೆ 1 ಲಕ್ಷ 22 ಸಾವಿರ ಡಾಲರಿಗೂ ಹೆಚ್ಚು ಸೇರಿತು. ಮರುವರ್ಷ ಯೋಜನೆ ನಿಂತುಹೋಯಿತು, ಹಣ ಬೇರೆ ಖರ್ಚಿಗೆ ಹೋಗಿತ್ತು. ಅಮೆರಿಕದ ವ್ಯಾಪಾರ ಆಯೋಗ ಕ್ರೌಡ್‌ಫಂಡಿಂಗ್ ವಿಚಾರದಲ್ಲಿ ಕೈಗೆತ್ತಿಕೊಂಡ ಮೊದಲ ಪ್ರಕರಣ ಅದು, 2015ರಲ್ಲಿ. ಆ ಆಟವನ್ನು ಕಟ್ಟಿದ ವಿನ್ಯಾಸಕರ ತಪ್ಪು ಅದರಲ್ಲಿ ಇರಲಿಲ್ಲ. ಕೊನೆಗೆ ಬೇರೊಂದು ಪ್ರಕಾಶನ ಸಂಸ್ಥೆ ಆಟವನ್ನು ಅಚ್ಚು ಹಾಕಿ, ಹಣ ಕಳೆದುಕೊಂಡವರಿಗೆ ಪ್ರತಿ ಕಳಿಸಿಕೊಟ್ಟಿತು. ದುರಾಸೆಗಿಂತ ಹೆಚ್ಚಾಗಿ ಯೋಜನೆಗಳನ್ನು ಕೆಡಿಸುವುದು ಭರವಸೆಗಳ ಹೊರೆ. ಹಣ ಹೆಚ್ಚು ಬಂದಂತೆ ಇನ್ನೊಂದು ಬೊಂಬೆ, ಇನ್ನೊಂದು ಪುಸ್ತಕ ಸೇರಿಸುತ್ತೇವೆ ಎಂದು ಉತ್ಸಾಹದಲ್ಲಿ ಹೇಳಿ, ಡಬ್ಬಿಯ ತೂಕ ಏರಿ, ಅಂಚೆಯ ಖರ್ಚೇ ಆಟದ ಬೆಲೆಗೆ ಬಂದು ನಿಲ್ಲುತ್ತದೆ.

ಹಾಗಾಗಿ ಮುಂಗಡ ಹಣ ಹಾಕುವವರಿಗೆ ನನ್ನ ಸಲಹೆ: ಚಿತ್ರ, ವಿಡಿಯೊ ನೋಡಿ ಮರುಳಾಗಬೇಡಿ, ನಿಯಮದ ಪುಸ್ತಕ ಕೇಳಿ. ಪ್ರಾಮಾಣಿಕ ವಿನ್ಯಾಸಕ ಅದನ್ನು ಮೊದಲೇ ಓದಲು ಕೊಡುತ್ತಾನೆ. ಎಷ್ಟೋ ಜನ ಮನೆಯಲ್ಲೇ ಮುದ್ರಿಸಿಕೊಂಡು ಆಡಬಹುದಾದ ಕಡತವನ್ನೂ ಕೊಡುತ್ತಾರೆ. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ದಪ್ಪ ಕಾಗದದ ಮೇಲೆ ಮುದ್ರಿಸಿ, ಕತ್ತರಿಸಿ, ಒಂದು ಸಂಜೆ ಆಡಿದರೆ ಆಟದ ಹಣೆಬರಹ ತಿಳಿಯುತ್ತದೆ. ಅವರು ಈ ಮೊದಲು ಏನಾದರೂ ಮುಗಿಸಿ ಕೊಟ್ಟಿದ್ದಾರೆಯೇ, ಕಳಿಸುವ ಖರ್ಚನ್ನು ಸ್ಪಷ್ಟವಾಗಿ ಹೇಳಿದ್ದಾರೆಯೇ ಎಂದು ನೋಡಿ. ಬೋರ್ಡ್‌ಗೇಮ್‌ಗೀಕ್ ಎಂಬ ತಾಣದಲ್ಲಿ 2000ನೇ ಇಸವಿಯಿಂದ ಜಗತ್ತಿನ ಆಟಗಳ ದಾಖಲೆ ಬೆಳೆಯುತ್ತಿದೆ. ಹೊಸ ಆಟ ಹುಡುಕಲು, ಆಡಿದವರು ಏನೆಂದರು ಎಂದು ತಿಳಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆಟ ಕಟ್ಟಬೇಕೆಂಬ ಆಸೆ ಇರುವ ಕೊಡಗಿನ ಹುಡುಗ ಹುಡುಗಿಯರು ಈ ಮಳೆಗಾಲ ಕಾಲೇಜಿಗೆ ರಜೆ ಕೊಟ್ಟ ದಿನ ಚೌಕಾಬಾರದ ಒಂದೇ ಒಂದು ನಿಯಮ ಬದಲಿಸಿ ಆಡಿ ನೋಡಲಿ. ಬಾರಕ್ಕೆ ಎಂಟರ ಬದಲು ಆರು ಕೊಟ್ಟರೆ ಏನಾಗುತ್ತದೆ, ಇನ್ನೊಬ್ಬರ ಕಾಯಿ ಕಡಿಯದೆಯೇ ಒಳಸುತ್ತಿಗೆ ಹೋಗಬಹುದು ಎಂದರೆ ಏನಾಗುತ್ತದೆ ಎಂದು ಬರೆದಿಟ್ಟುಕೊಳ್ಳಲಿ. ಮನೆಯಲ್ಲಿ ಹಳೆಯ ಮಳೆ ಪುಸ್ತಕ ಇಟ್ಟುಕೊಂಡಿರುವ ಹಿರಿಯರು ಅದನ್ನು ಗುಜರಿಗೆ ಹಾಕದೆ ಅವರ ಕೈಗೆ ಕೊಡಿ. ಅವರು ಕಾಗದದ ಚೀಟಿ ಹಿಡಿದು ‘ಒಂದಾಟ ಆಡಿ ನೋಡ್ತೀರಾ?’ ಎಂದು ಕೇಳಿದಾಗ ಪೂರ್ತಿ ಕೂತು ಆಡಿ, ಎಲ್ಲಿ ಬೇಸರವಾಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿ.